ಅಮ್ಮನ ದನಿಯ ಡಬ್ಬಿ

“ಧಾತ್ರಿ, ಡಬ್ಬಿ!”

ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ, ಕನ್ನಡಕದ ಪೆಟ್ಟಿಗೆಯಷ್ಟೇ ಇದ್ದ ಯಂತ್ರ ಕೂಗಿತು. ಧಾತ್ರಿ ಆಗಲೇ ಗೇಟು ದಾಟಿ ರಸ್ತೆಯಲ್ಲಿದ್ದಳು. ಯಂತ್ರ ಇನ್ನೊಂದು ಸಲ ಕೂಗಿತು, ಮೊದಲಿಗಿಂತ ಜೋರಾಗಿ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ತಾಯಿ ಸಹನಾ ಸೌಟನ್ನು ಅಲ್ಲಿಯೇ ಬಿಟ್ಟು, ನೋಯುವ ಮೊಣಕಾಲಿನಲ್ಲೇ ಓಡಿ ಬಂದು, ಡಬ್ಬಿಯನ್ನು ಮೊಳೆಯಿಂದ ತೆಗೆದುಕೊಂಡು, ಬರಿಗಾಲಿನಲ್ಲಿ ಅರ್ಧ ಬೀದಿ ನಡೆದು ಮಗಳ ಚೀಲಕ್ಕೆ ಹಾಕಿ ಬಂದರು. ಅಷ್ಟರಲ್ಲಿ ಒಗ್ಗರಣೆ ಸೀದಿತ್ತು.

ಯಂತ್ರ ಕೂಗಿದ್ದು ಸಹನಾ ಅವರ ದನಿಯಲ್ಲಿ. ಓಡಿದ್ದೂ ಸಹನಾ ಅವರೇ. ಕೇಳಿಸಿಕೊಳ್ಳಬೇಕಾದವಳೊಬ್ಬಳನ್ನು ಬಿಟ್ಟು ಮೈಸೂರಿನ ಸರಸ್ವತಿಪುರಂನ ಆ ಅಡ್ಡರಸ್ತೆಯಲ್ಲಿ ಎಲ್ಲರಿಗೂ ಅದು ಕೇಳಿಸಿತ್ತು. ಮನುಷ್ಯರ ಕೆಲಸ ಹಗುರ ಮಾಡಲೆಂದು ವಿಜ್ಞಾನ ತಂದುಕೊಟ್ಟ ಉಪಕರಣಗಳಲ್ಲಿ ಬಹುಪಾಲು ಹೀಗೆಯೇ ಎಂದು ನನಗನ್ನಿಸುತ್ತದೆ. ಮೊದಲು ಒಂದು ಕೆಲಸವಿರುತ್ತದೆ, ಆಮೇಲೆ ಆ ಕೆಲಸದ ಜೊತೆಗೆ ಯಂತ್ರವೂ ಇರುತ್ತದೆ.

ಆ ಯಂತ್ರದ ಹೆಸರು ನುಡಿಸೂಜಿ. ಕಡಲೆಕಾಯಿ, ಸಿಗಡಿ, ಜೇನುಹುಳುವಿನ ಕಡಿತ, ಇಂಥ ಯಾವುದೋ ಒಂದು ಕೆಲವರ ಮೈಗೆ ವಿಷವಾಗುತ್ತದೆ. ತುಟಿ ಊದುತ್ತದೆ, ಗಂಟಲು ಬಿಗಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆಗ ತಡಮಾಡದೆ ತೊಡೆಗೆ ಅಡ್ರಿನಲಿನ್ ಚುಚ್ಚಿದರೆ ಜೀವ ಉಳಿಯುತ್ತದೆ. ಒತ್ತಿದರೆ ಸಾಕು, ತಾನೇ ಚುಚ್ಚುವ ಸೂಜಿ ನಮ್ಮ ಅಜ್ಜಿಯರ ಕಾಲದಲ್ಲೂ ಇತ್ತು. ನುಡಿಸೂಜಿ ಅದಕ್ಕೆ ಎರಡು ಹೊಸ ಅಂಗಗಳನ್ನು ಸೇರಿಸಿತು. ಒಂದು, ಮಣಿಕಟ್ಟಿಗೆ ಕಟ್ಟುವ ನಾಡಿಪಟ್ಟಿ. ಅದು ಎದೆಬಡಿತವನ್ನೂ ಉಸಿರನ್ನೂ ಚರ್ಮದ ಬಿಸಿಯನ್ನೂ ಸದಾ ಅಳೆಯುತ್ತಿರುತ್ತದೆ. ಇನ್ನೊಂದು, ದನಿ. ಡಬ್ಬಿಯನ್ನು ಬಿಟ್ಟು ಹೊರಟರೆ ಅದು ಕೂಗುತ್ತದೆ. ಬಿಸಿಲಿನಲ್ಲಿಟ್ಟು ಔಷಧಿ ಕೆಡುವಂತಾದರೆ ಬಯ್ಯುತ್ತದೆ. ದಿನಕ್ಕೆ ಮೂರು ಹೊತ್ತು, ಅಪಾಯ ಬಂದಾಗ ಏನು ಮಾಡಬೇಕೆಂಬ ಪಾಠವನ್ನು ಒಪ್ಪಿಸುತ್ತದೆ.

ಮೂರು ಹೊತ್ತಿನ ಪಾಠ ಎಲ್ಲ ರೋಗಿಗಳಿಗೂ ಇರಲಿಲ್ಲ. ಧಾತ್ರಿಯಂಥವರಿಗೆ ಮಾತ್ರ ಇತ್ತು. ಅವಳಿಗೆ ಚಿಕ್ಕಂದಿನಿಂದ ಎಡಿಎಚ್‌ಡಿ. ಗಮನವೇ ಇಲ್ಲ ಎಂದು ಅದರ ಅರ್ಥವಲ್ಲ. ಗಮನವನ್ನು ಕರೆದರೆ ಬರುವುದಿಲ್ಲ, ತನಗೆ ಬೇಕಾದ ಕಡೆ ಹೋಗಿ ಕೂತುಬಿಡುತ್ತದೆ, ಅಲ್ಲಿಂದ ಎಬ್ಬಿಸಿದರೂ ಏಳುವುದಿಲ್ಲ. ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುವ ಧಾತ್ರಿ ಒಂದು ಗಿಳಿಯ ರೆಕ್ಕೆಗೆ ಬಣ್ಣ ಹಾಕುತ್ತ ಊಟ ಮರೆಯುವವಳು. ಬೆಳಗ್ಗೆ ಒಂದು ಮಾತ್ರೆ ನುಂಗಿದರೆ ಗಮನ ಅಷ್ಟಿಷ್ಟು ಹಿಡಿತಕ್ಕೆ ಬರುತ್ತಿತ್ತು, ಅದರ ಜೊತೆಗೆ ಎದೆಬಡಿತವೂ ಒಂದಿಷ್ಟು ಜೋರಾಗುತ್ತಿತ್ತು. ಹೀಗೆ ಕಡಲೆಕಾಯಿ ತಿಂದರೆ ಜೀವವೇ ಹೋಗುವಂಥ ಅಲರ್ಜಿ ಒಂದು ಕಡೆ, ಸೂಜಿಯನ್ನೇ ಮರೆಯುವ ಮನಸ್ಸು ಇನ್ನೊಂದು ಕಡೆ. ಇಪ್ಪತ್ತೊಂಬತ್ತು ವರ್ಷಗಳಿಂದ ಇವೆರಡರ ನಡುವೆ ಕಾವಲು ಕೂತವರು ಸಹನಾ.

ಅವರು ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನಿಗೆ ಉತ್ತರ ಹೇಳಿ ಹೇಳಿ ನಿವೃತ್ತರಾದವರು. ಆಫೀಸಿನಲ್ಲಿ “ಲೈನ್‌ಮನ್ ಬರ್ತಾರೆ ಸರ್”, ಮನೆಯಲ್ಲಿ “ಸೂಜಿ ತಗೊಂಡ್ಯಾ?” ಇವೆರಡೇ ವಾಕ್ಯಗಳಲ್ಲಿ ಅವರ ಜೀವಮಾನ ಕಳೆದಿತ್ತು. ಮೊದಲನೆಯದನ್ನು ಯಾರೂ ನಂಬುತ್ತಿರಲಿಲ್ಲ, ಎರಡನೆಯದನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ನುಡಿಸೂಜಿಯನ್ನು ರೂಪಿಸಿದ ಡಾ. ಶಮಂತ್ ಕೋಟ್ಯಾನ್ ಮಂಗಳೂರು ಕಡೆಯವರು. ತಾಯಿ ಮಗಳಿಬ್ಬರನ್ನೂ ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಂಡ ದಿನ ಅವರು ತುಂಬ ಉತ್ಸಾಹದಲ್ಲಿದ್ದರು.

“ದನಿ ಯಾರದ್ದು ಇರ್ಬೇಕು ಅನ್ನುದೇ ಮುಖ್ಯ ಅಮ್ಮ. ಪ್ರಾಣ ಹೋಗುವ ಹೊತ್ತಿಗೆ ಮನುಷ್ಯ ಗುರ್ತು ಇಲ್ಲದ ದನಿಯನ್ನು ನಂಬುದಿಲ್ಲ. ಬಹಳ ಪರಿಚಯದ ದನಿಯೇ ಆಗ್ಬೇಕು. ನಿಮ್ಮ ದನಿ ಕೊಡ್ತೀರಾ?”

“ನನ್ನ ದನೀನಾ?” ಎಂದು ಸಹನಾ ನಕ್ಕರು. “ಡಾಕ್ಟ್ರೇ, ಇವಳ ಮುಂದೆ ನನ್ನ ಮಾತು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಬೇರೆ ಯಾರದ್ದಾದ್ರೂ ಹಾಕಿ.”

“ಕೇಳುದಿಲ್ಲ ಅಂತ ನಿಮಗೆ ಕಾಣುದು. ಒಳಗೆ ಹೋಗ್ತಾ ಉಂಟು,” ಎಂದರು ಕೋಟ್ಯಾನ್. “ಅಲ್ಲದೆ ಒಮ್ಮೆ ನೀವು ಹೇಳಿ ಕೊಟ್ರೆ ಮುಗೀತು. ಮತ್ತೆ ನೀವು ಹೇಳುವುದೇ ಬೇಡ. ಯಂತ್ರ ಹೇಳ್ತದೆ.”

ಮತ್ತೆ ಹೇಳುವುದೇ ಬೇಡ! ಸಹನಾ ಸೋತದ್ದು ಆ ಮಾತಿಗೆ. ಗಾಜಿನ ಕೋಣೆಯಲ್ಲಿ ಕೂತು, ಕೊಟ್ಟ ವಾಕ್ಯಗಳನ್ನೆಲ್ಲ ಸಂಜೆಯವರೆಗೆ ಓದಿದರು. ಕೊನೆಕೊನೆಗೆ ಅರ್ಥದ ಕಡೆ ಗಮನವಿರಲಿಲ್ಲ, ಮನೆಗೆ ಹೋಗಿ ಕಾಲು ಚಾಚಿದರೆ ಸಾಕಾಗಿತ್ತು.

ಕಾಲು ಚಾಚುವುದು ಆಗಲಿಲ್ಲ. ಯಂತ್ರ ಕೂಗಿದಾಗಲೆಲ್ಲ ಸಹನಾ ಬೆಚ್ಚುತ್ತಿದ್ದರು. ಕೂಗಿದ್ದು ತಾನೋ ಅದೋ ಎಂದು ಒಂದು ಗಳಿಗೆ ತಿಳಿಯುತ್ತಿರಲಿಲ್ಲ. ಧಾತ್ರಿಯಂತೂ ಗೋಡೆಯ ಕಡೆ ತಿರುಗದೆಯೇ “ಹೂಂ ಅಮ್ಮ, ಬಂದೆ” ಎನ್ನುತ್ತಿದ್ದಳು, ಬರುತ್ತಿರಲಿಲ್ಲ. ಮೊದಮೊದಲು ನಾಡಿಪಟ್ಟಿ ಸಂಶಯ ಬಂದ ಕೂಡಲೇ ತಾನೇ ಆಂಬುಲೆನ್ಸ್ ಕರೆಯುತ್ತಿತ್ತು. ಬೆಳಗಿನ ಮಾತ್ರೆಯ ಮೇಲೆ ಎರಡು ಲೋಟ ಸ್ಟ್ರಾಂಗ್ ಕಾಫಿ ಬಿದ್ದರೆ ಎದೆ ಡವಡವ ಅನ್ನದೆ ಇರುತ್ತದೆಯೇ? ಆಂಬುಲೆನ್ಸಿನವರು ಸುಮ್ಮಸುಮ್ಮನೆ ಬಂದು ಬೇಸತ್ತು ಬೈದುಹೋದರು. ಆಮೇಲೆ ಕೋಟ್ಯಾನ್, ಇಂಥ ಮಾತ್ರೆ ತೆಗೆದುಕೊಳ್ಳುವವರ ಯಂತ್ರ ಸೂಜಿ ಒತ್ತಿದ ಮೇಲೆಯೇ ಆಂಬುಲೆನ್ಸ್ ಕರೆಯುವಂತೆ ಬದಲಾಯಿಸಿದರು. ಅದು ತಪ್ಪು ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ಯಂತ್ರದಿಂದ ನಿಜವಾಗಿ ನರಳಿದವರು ಪಕ್ಕದ ಮನೆಯ ರಶ್ಮಿ. ಎರಡು ಮನೆಗೂ ಒಂದೇ ಗೋಡೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಆ ಗೋಡೆಯಿಂದ ಪಾಠ ಸೋರಿಬರುತ್ತಿತ್ತು.

“ಸಹನಾ ಅವರೇ, ನಾನೂ ತಡ್ಕೊಂಡು ತಡ್ಕೊಂಡು ಸಾಕಾಗಿದೆ,” ಎಂದು ಅವರು ಒಂದು ದಿನ ಕಾಂಪೌಂಡಿನ ಮೇಲಿಂದ ಜಗಳಕ್ಕೇ ನಿಂತರು. “ಮೊನ್ನೆ ನಮ್ಮೆಜಮಾನ್ರ ತಿಥಿ. ಪುರೋಹಿತರು ಮಂತ್ರ ಹೇಳ್ತಿದ್ರೆ ನಿಮ್ಮ ಡಬ್ಬಿ ‘ತೊಡೆಗೆ ಒತ್ತು, ತೊಡೆಗೆ ಒತ್ತು’ ಅಂತಿದೆ. ಅವ್ರು ಪಿಂಡ ಕೈಯಲ್ಲಿ ಹಿಡ್ಕೊಂಡು ನನ್ನ ಮುಖ ನೋಡ್ತಾರೆ! ಏನಂತ ಹೇಳ್ಲಿ ನಾನು?”

“ನನ್ನ ಮಗಳ ಪ್ರಾಣದ ವಿಷಯ ಕಣ್ರೀ ಅದು.”

“ಪ್ರಾಣ ನಿಮ್ಮ ಮಗಳದ್ದು, ಕಿವಿ ನಂದು.”

ಆಮೇಲೆ ಇಬ್ಬರಿಗೂ ಮಾತು ನಿಂತಿತು. ಹೂವಿನವಳ ಹತ್ತಿರ ಎದುರಾದರೆ ಒಬ್ಬರು ಸೇವಂತಿಗೆ ನೋಡುತ್ತಿದ್ದರು, ಇನ್ನೊಬ್ಬರು ಆಕಾಶ ನೋಡುತ್ತಿದ್ದರು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ರಸ್ತೆ ಗುಡಿಸುವುದರಿಂದ ಹಿಡಿದು ರಿಕ್ಷಾ ಓಡಿಸುವವರೆಗೆ ಎಲ್ಲವನ್ನೂ ಯಂತ್ರಗಳೇ ಮಾಡುವ ಆ ಕಾಲದಲ್ಲೂ ಮೈಸೂರಿನವರು ಎಳ್ಳು ಬೀರುವುದನ್ನು ಬಿಟ್ಟಿರಲಿಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜ, ಇವನ್ನು ಬೆರೆಸಿ ಮನೆಮನೆಗೆ ಹಂಚಬೇಕು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕು. ಯಾರ ಮನೆಯಿಂದ ಪಾತ್ರೆಯಲ್ಲಿ ಏನು ಬಂದರೂ ಆ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಬಾರದು, ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಇನ್ನೊಂದು ಪದ್ಧತಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಬಂದ ಎಳ್ಳನ್ನೆಲ್ಲ ನಮ್ಮ ಡಬ್ಬಕ್ಕೇ ಸುರಿದುಕೊಂಡು ಮುಂದಿನ ಮನೆಗೆ ದಾಟಿಸುವುದು.

ಸಹನಾ ತಮ್ಮ ಮನೆಗೆಂದು ಕಡಲೆಕಾಯಿ ಇಲ್ಲದ ಎಳ್ಳನ್ನು ತಾವೇ ಮಾಡುತ್ತಿದ್ದರು. ಕೊಬ್ಬರಿ ಬೆಲ್ಲ ಹೆಚ್ಚಿ ಹೆಚ್ಚಿ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಕಡಲೆಕಾಯಿಯ ಬದಲು ಹುರಿಗಡಲೆಯನ್ನೇ ಎರಡು ಪಾಲು ಹಾಕಿ, ಸ್ಟೀಲಿನ ಡಬ್ಬದ ಮುಚ್ಚಳಕ್ಕೆ ಕೆಂಪು ಟೇಪು ಸುತ್ತಿ ಇಟ್ಟರು. ಧಾತ್ರಿ ತಿನ್ನಬೇಕಾದದ್ದು ಅದೊಂದರಿಂದಲೇ.

ಹಬ್ಬದ ಬೆಳಗ್ಗೆ ಬಾಗಿಲಿಗೆ ಬಂದವರು ರಶ್ಮಿ. ಕೈಯಲ್ಲಿ ಬೆಳ್ಳಿ ಬಟ್ಟಲು, ಒಂದು ತುಂಡು ಕಬ್ಬು, ಮುಖದಲ್ಲಿ ಸ್ವಲ್ಪ ಬಿಗುಮಾನ.

“ಅಮ್ಮ ಇಲ್ವಾ?”

“ಸ್ನಾನಕ್ಕೆ ಹೋಗಿದ್ದಾರೆ ಆಂಟಿ, ಬನ್ನಿ ಒಳಗೆ.”

“ಇಲ್ಲ, ಇನ್ನೂ ಹತ್ತು ಮನೆ ಇದೆ. ಹಬ್ಬದ ದಿನ ಮನಸ್ಸಲ್ಲಿ ಏನೂ ಇಟ್ಕೋಬಾರ್ದು ಅಂತ ಬಂದೆ. ಇದು ಅಮ್ಮಂಗೆ ಕಣೇ. ಕಡ್ಲೇಕಾಯಿ ಇದೆ. ನೀನು ಮುಟ್ಟಬೇಡ. ಬಟ್ಲು ಕೊಟ್ಬಿಡು, ಹೋಗ್ತೀನಿ.”

“ಗೊತ್ತು ಆಂಟಿ,” ಎಂದಳು ಧಾತ್ರಿ. ನಿಜಕ್ಕೂ ಗೊತ್ತಿತ್ತು. ಬಟ್ಟಲು ಹಿಡಿದು ಅಡುಗೆಮನೆಗೆ ಹೋಗುವಾಗಲೂ ಗೊತ್ತಿತ್ತು. ಸಕ್ಕರೆ ಹಾಕಿ ಕೊಡಬೇಕು, ಅದಕ್ಕೆ ಮೊದಲು ಇದನ್ನು ಎಲ್ಲಾದರೂ ಸುರಿಯಬೇಕು. ಕೈಗೆ ಹತ್ತಿರವಿದ್ದ ಡಬ್ಬದ ಮುಚ್ಚಳ ತೆರೆದು, ಸದ್ಯಕ್ಕೆ ಇರಲಿ, ಆಮೇಲೆ ಬೇರೆ ಮಾಡಿದರಾಯಿತು ಎಂದು ಸುರಿದಳು. ಸಕ್ಕರೆ ಹುಡುಕಲು ಹೋದಾಗ ತಟ್ಟೆಯಲ್ಲಿದ್ದ ಸಕ್ಕರೆ ಅಚ್ಚಿನ ಗಿಳಿಯ ಕೊಕ್ಕು ಮುರಿದಿರುವುದು ಕಾಣಿಸಿತು. ಬಟ್ಟಲಿಗೆ ಸಕ್ಕರೆ ಹಾಕಿ ಕೊಟ್ಟು ಬಂದವಳು ಗಿಳಿಯ ಮುಂದೆ ಕೂತಳು. ‘ಆಮೇಲೆ’ ಎಂಬುದು ಎಲ್ಲಿಯೋ ಬಿದ್ದುಹೋಯಿತು.

ಮಧ್ಯಾಹ್ನ ಊಟವಾಗಿ ಸಹನಾ ಒಳಕೋಣೆಯಲ್ಲಿ ಮಲಗಿದರು. ವಾರದಿಂದ ಹಬ್ಬಕ್ಕೆಂದು ಒದ್ದಾಡಿದ ಮೈ, ಹಾಸಿಗೆಗೆ ತಗಲಿದ ಕೂಡಲೇ ಜೋಂಪು ಹತ್ತಿತು. ನಡುಮನೆಯಲ್ಲಿ ಧಾತ್ರಿ ಗಿಳಿಗೆ ಹೊಸ ಕೊಕ್ಕು ಮಾಡುತ್ತ, ಪಕ್ಕದಲ್ಲಿದ್ದ ಕೆಂಪು ಟೇಪಿನ ಡಬ್ಬದಿಂದ ಒಂದೊಂದೇ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನೋಡಿ ತಿಂದಿದ್ದರೆ ಗೊತ್ತಾಗುತ್ತಿತ್ತು. ಅವಳು ನೋಡುತ್ತಿದ್ದದ್ದು ಗಿಳಿಯನ್ನು.

ಮೊದಲು ತುಟಿ ತುರಿಸಿತು. ಕಬ್ಬಿನ ಸಿಪ್ಪೆ ತಗಲಿರಬೇಕು ಎಂದುಕೊಂಡಳು. ಎದೆ ಓಡತೊಡಗಿತು. ಹಬ್ಬವೆಂದು ಮೂರು ಲೋಟ ಕಾಫಿ ಕುಡಿದಿದ್ದಳು, ಮೇಲೆ ಮಾತ್ರೆ ಬೇರೆ. ಇವತ್ತು ಮಾತ್ರೆ ಜೋರಾಗಿದೆ ಅಷ್ಟೇ ಎಂದುಕೊಂಡಳು. ಎಷ್ಟೋ ದಿನ ಹಾಗೆಯೇ ಆಗಿತ್ತು, ಎಷ್ಟೋ ದಿನ ಅದು ನಿಜವೂ ಆಗಿತ್ತು.

ನಾಡಿಪಟ್ಟಿಗೆ ಮಾತ್ರ ಈ ಸಲ ಅನುಮಾನವಿರಲಿಲ್ಲ. ಮೊಳೆಯ ಮೇಲಿದ್ದ ಡಬ್ಬಿ ಮಾತಾಡಿತು.

“ಧಾತ್ರಿ, ಡಬ್ಬಿ ತಗೋ. ನೀಲಿ ಮುಚ್ಚಳ ತೆಗಿ. ಬಟ್ಟೆ ಮೇಲಿಂದಲೇ ತೊಡೆಗೆ ಒತ್ತು.”

“ಹೂಂ ಅಮ್ಮ, ಬಂದೆ,” ಎಂದಳು ಧಾತ್ರಿ. ದನಿ ಗೊಗ್ಗರಾಗಿತ್ತು. ಕುಂಚ ಕೆಳಗಿಡಲಿಲ್ಲ.

ಒಳಕೋಣೆಯಲ್ಲಿ ಸಹನಾ ಅವರಿಗೂ ಕೇಳಿಸಿತು. ಪಾಠ ಒಪ್ಪಿಸುತ್ತಿದೆ, ಅದರ ಪಾಡಿಗೆ ಅದು, ಎಂದು ಮಗ್ಗುಲು ಬದಲಿಸಿದರು. ತನ್ನ ದನಿಗೆ ತಾನೇ ಎದ್ದು ಓಡುವುದು ಎಷ್ಟು ದಿನ ಸಾಧ್ಯ?

ಪಕ್ಕದ ಮನೆಯಲ್ಲಿ ರಶ್ಮಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಗೋಡೆಯಿಂದ ‘ತೊಡೆಗೆ ಒತ್ತು’ ಬಂತು. ಅದಾದ ಮೇಲೆ ‘ಹತ್ತು ಎಣಿಸು’ ಬರಬೇಕು. ಬರಲಿಲ್ಲ. ಮತ್ತೆ ‘ತೊಡೆಗೆ ಒತ್ತು’. ಮತ್ತೆ ಅದೇ. ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ. ಮೂರು ವರ್ಷ ಬೇಡಬೇಡವೆಂದರೂ ಕೇಳಿದ ಪಾಠ, ಮುಂದಿನ ಸಾಲು ಬಾರದೆ ಅವರಿಗೆ ಸೀನು ಬಂದು ನಿಂತ ಹಾಗಾಯಿತು. ಇವತ್ತು ಹಬ್ಬದ ದಿನವೇ ಇದು ಕೆಟ್ಟು ಕೂತಿದೆ ಎಂದು ಸಿಟ್ಟಿನಿಂದ ಎದ್ದರು. ಬೆಳಗ್ಗೆ ಆಡಿದ ಒಳ್ಳೆಯ ಮಾತನ್ನೆಲ್ಲ ವಾಪಸು ತೆಗೆದುಕೊಳ್ಳುವುದೆಂದು ನಿರ್ಧರಿಸಿ, ಬಾಗಿಲು ತಳ್ಳಿ ಒಳಗೆ ಬಂದರು.

“ಸಹನಾ ಅವರೇ, ಇದೇನ್ರೀ ನಿಮ್ಮ ಡಬ್ಬಿ…”

ಧಾತ್ರಿ ನೆಲದ ಮೇಲೆ ಒರಗಿದ್ದಳು. ತುಟಿ, ಕಣ್ಣಿನ ರೆಪ್ಪೆ ಊದಿ ಮುಖ ಬೇರೆ ಯಾರದ್ದೋ ಆಗಿತ್ತು. ಉಸಿರು ಸಿಳ್ಳೆ ಹಾಕುತ್ತಿತ್ತು. ಕೆಂಪು ಟೇಪಿನ ಡಬ್ಬದಲ್ಲಿ ತಮ್ಮ ಮನೆಯ ಕಡಲೆಕಾಯಿ ಬೀಜ ಬಿಳಿಬಿಳಿಯಾಗಿ ಕಾಣುತ್ತಿದ್ದುದನ್ನು ರಶ್ಮಿ ನೋಡಿದರು. ಅವರ ಕೈ ತಾನಾಗಿಯೇ ಮೊಳೆಯ ಕಡೆ ಹೋಯಿತು, ಡಬ್ಬಿ ತೆಗೆಯಿತು, ನೀಲಿ ಮುಚ್ಚಳ ಕಿತ್ತಿತು.

ಗಲಾಟೆಗೆ ಎದ್ದು ಬಂದ ಸಹನಾ ಬಾಗಿಲಲ್ಲೇ ಕಿರುಚಿದರು. “ಬೇಡ ರಶ್ಮಿ, ತಾಳಿ! ಅವ್ಳು ಬೆಳಗ್ಗೆ ಮಾತ್ರೆ ತಗೊಂಡಿದ್ದಾಳೆ. ಎದೆ ಮೊದ್ಲೇ ಜೋರಾಗಿ ಹೊಡ್ಕೋತಿರುತ್ತೆ, ಇದನ್ನೂ ಚುಚ್ಚಿದ್ರೆ ಏನಾದ್ರೂ ಆಗ್ಬಿಟ್ರೆ? ಡಾಕ್ಟ್ರನ್ನ ಕೇಳೋಣ, ಒಂದು ನಿಮಿಷ…”

“‘ಮಾತ್ರೆ ತಗೊಂಡಿದ್ರೂ ತಡ ಮಾಡಬೇಡ. ಮಾತ್ರೆ ವಿಷಯ ಆಸ್ಪತ್ರೇಲಿ ಹೇಳು’,” ಎಂದರು ರಶ್ಮಿ, ಥೇಟು ಸಹನಾ ಅವರ ರಾಗದಲ್ಲೇ. “ಪಾಠದ ಐದನೇ ಸಾಲು ಕಣ್ರೀ! ನೀವೇ ಹೇಳಿರೋದು!”

ಸೂಜಿಯನ್ನು ಲಂಗದ ಮೇಲಿಂದಲೇ ತೊಡೆಯ ಹೊರಪಕ್ಕಕ್ಕೆ ಒತ್ತಿ ಹಿಡಿದರು. ಕ್ಲಿಕ್ಕೆಂದಿತು. ಡಬ್ಬಿ ಕೊನೆಗೂ ಮುಂದಿನ ಸಾಲಿಗೆ ಹೋಗಿ “ಹತ್ತು ಎಣಿಸು” ಎಂದಿತು. ರಶ್ಮಿ ಎಣಿಸಿದರು. ಆಂಬುಲೆನ್ಸಿಗೆ ಡಬ್ಬಿಯೇ ಕರೆ ಮಾಡಿತು. ಎದ್ದು ನಿಲ್ಲಲು ಹೆಣಗುತ್ತಿದ್ದ ಧಾತ್ರಿಯನ್ನು ಏಳಗೊಡದೆ ಮಲಗಿಸಿ, ಕಾಲಡಿಗೆ ದಿಂಬು ಕೊಟ್ಟು, ಅಗತ್ಯಬಿದ್ದರೆಂದು ಡಬ್ಬಿಯಲ್ಲಿದ್ದ ಎರಡನೆಯ ಸೂಜಿಯನ್ನು ಕೈಯಲ್ಲೇ ಇಟ್ಟುಕೊಂಡು ರಶ್ಮಿ ಗಡಿಯಾರ ನೋಡುತ್ತ ಕೂತರು. ಅದು ಬೇಕಾಗಲಿಲ್ಲ. ಸಿಳ್ಳೆ ಮೆಲ್ಲಗೆ ಇಳಿಯಿತು. ಸಹನಾ ಮಗಳ ಪಾದ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದರು.

ಮಾರನೆಯ ದಿನ ಕೋಟ್ಯಾನ್ ಆಸ್ಪತ್ರೆಗೆ ಬಂದರು. ಉತ್ಸಾಹವೆಲ್ಲ ಬಸಿದುಹೋಗಿತ್ತು. ಧಾತ್ರಿಯ ಮಂಚದ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿದರು.

“ದನಿ ಕೇಳಿಸ್ಲಿಲ್ವಾ ನಿಮಗೆ?”

“ಕೇಳಿಸ್ತು ಸರ್,” ಎಂದಳು ಅವಳು. “ಅಮ್ಮ ಕರೀತಿದ್ದಾರೆ ಅಂತ ಗೊತ್ತಾಯ್ತು. ಅಮ್ಮ ಯಾವಾಗ್ಲೂ ಕರೀತಾರಲ್ಲ?”

ಕೋಟ್ಯಾನ್ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಬಹಳ ಪರಿಚಯದ ದನಿಯನ್ನೇ ಅವರು ಆರಿಸಿದ್ದರು. ಪರಿಚಯ ಹೆಚ್ಚಾದರೆ ದನಿ ಗೋಡೆಯ ಗಡಿಯಾರದ ಸದ್ದಾಗುತ್ತದೆ ಎಂಬುದನ್ನು ಅವರ ಪ್ರಯೋಗಾಲಯದಲ್ಲಿ ಯಾರೂ ಅಳೆದು ನೋಡಿರಲಿಲ್ಲ. ಸಾವಿರಾರು ಸಲ ಹೇಳಿಕೊಟ್ಟ ಪಾಠ ಕಲಿಯಬೇಕಾದವಳನ್ನು ಮುಟ್ಟದೆ, ಕೇಳಲೇಬಾರದೆಂದು ಜಗಳವಾಡಿದವರಿಗೆ ಬಾಯಿಪಾಠವಾಗಿತ್ತು.

“ಮನೆಗೆ ಮಾರಿ ಊರಿಗೆ ಉಪಕಾರಿ ಅಂತಾರಲ್ಲ, ಹಾಗಾಯ್ತು ಸ್ವಾಮಿ ನಿಮ್ಮ ಡಬ್ಬಿ,” ಎಂದರು ರಶ್ಮಿ. ಎಳ್ಳು ತಂದವರು ತಾವೆಂಬ ಸಂಕಟಕ್ಕೆ ಅವರು ರಾತ್ರಿಯಿಡೀ ಆಸ್ಪತ್ರೆಯ ಬೆಂಚು ಬಿಟ್ಟು ಎದ್ದಿರಲಿಲ್ಲ.

“ಇನ್ಮೇಲೆ ಪಾಠ ರೋಗಿಗೆ ಮಾತ್ರ ಅಲ್ಲ, ಆಚೀಚೆ ಇರುವವರಿಗೆ ಹೇಳ್ಬೇಕು,” ಎಂದರು ಕೋಟ್ಯಾನ್ ತಮ್ಮಷ್ಟಕ್ಕೇ. “ಆಂಬುಲೆನ್ಸನ್ನೂ ಕಾಯಿಸಬಾರದು. ಅದು ನನ್ನ ತಪ್ಪು. ದನಿಯೂ ಬದಲಾಗ್ಬೇಕು. ಹೊಸದು ಆಗುವವರೆಗೆ ಡಬ್ಬಿ ಸುಮ್ಮನೆ ಇರ್ತದೆ, ಮರೆತು ಹೊರಟರೆ ಕೂಗುದಿಲ್ಲ. ಅಪಾಯ ಬಂದರೆ ಮಾತ್ರ ಗಂಟೆ ಹೊಡೀತದೆ. ನಿಮ್ಮ ದನಿ ತೆಗೀತೇನೆ ಅಮ್ಮ. ಬೇಜಾರಿಲ್ಲ ಅಲ್ವಾ?”

“ತೆಗೀರಿ ಡಾಕ್ಟ್ರೇ,” ಎಂದರು ಸಹನಾ. “ನಂಗೆ ತುಂಬಾ ಸುಸ್ತಾಗಿದೆ.”

ಧಾತ್ರಿ ಮತ್ತೆ ಶಾಲೆಗೆ ಹೊರಟ ದಿನ ಸಹನಾ ಬೆಳಗ್ಗೆಯೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಡಬ್ಬಿ ಮೂಕವಾಗಿ ಮೊಳೆಯ ಮೇಲಿತ್ತು. ಇನ್ನು ತಾವೇ ಹೇಳಬೇಕು. ಆದರೆ ಆಸ್ಪತ್ರೆಯ ನಿದ್ದೆಗೆಟ್ಟ ದಿನಗಳು ರೆಪ್ಪೆಯ ಮೇಲೆ ಕೂತಿದ್ದವು. ಧಾತ್ರಿ ಚೀಲ ಹೆಗಲಿಗೇರಿಸಿ, ಏನನ್ನೋ ಗುನುಗುತ್ತ, ಡಬ್ಬಿಯ ಪಕ್ಕದಲ್ಲೇ ಹಾದು ಹೋದಳು. ಗೇಟಿನ ಸದ್ದಾಯಿತು. ಸಹನಾ ಮುಚ್ಚಿದ ಕಣ್ಣಿನಲ್ಲೇ ಬಾಯಿ ತೆರೆದರು. ದನಿ ಬರಲಿಲ್ಲ. ಏಳಬೇಕೆಂದು ಕುರ್ಚಿಯ ತೋಳು ಹಿಡಿದರು.

ಬೀದಿಯಲ್ಲಿ ಚಪ್ಪಲಿಯ ಸದ್ದು ನಿಂತಿತು.

“ಏನೇ, ಮರೆತ್ಯಾ?” ಎಂದು ರಶ್ಮಿ ಕಾಂಪೌಂಡಿನಿಂದ ಕೇಳುವುದು ಕೇಳಿಸಿತು.

“ಗೊತ್ತಿಲ್ಲ ಆಂಟಿ. ಏನೋ ಬಿಟ್ಟುಹೋಗಿದೆ ಅನ್ನಿಸ್ತಿದೆ,” ಎಂದಳು ಧಾತ್ರಿ. ಆಮೇಲೆ, ನಿಧಾನವಾಗಿ, “ಅಮ್ಮ ಕರೀಲಿಲ್ಲ.”

ಹೆಜ್ಜೆಗಳು ಹಿಂತಿರುಗಿ ಬಂದವು. ಹೊಸ್ತಿಲ ಬಳಿ ಬಂದಾಗ ಅವು ಮೆತ್ತಗಾದವು. ಕುರ್ಚಿಯಲ್ಲಿ ಅಮ್ಮ ಮಲಗಿರುವುದನ್ನು ಕಂಡು ಧಾತ್ರಿ ಚಪ್ಪಲಿ ಬಿಟ್ಟು, ತುದಿಗಾಲಿನಲ್ಲಿ ಬಂದು, ಮೊಳೆಯಿಂದ ಡಬ್ಬಿಯನ್ನು ಸದ್ದಾಗದಂತೆ ತೆಗೆದುಕೊಂಡಳು. ಸಹನಾ ಕಣ್ಣು ತೆರೆಯಲಿಲ್ಲ. ತೆರೆದರೆ ಏನಾದರೂ ಹೇಳಬೇಕಾಗುತ್ತಿತ್ತು. ಕುರ್ಚಿಯ ತೋಳು ಹಿಡಿದಿದ್ದ ಅವರ ಕೈ ಸಡಿಲವಾಯಿತು. ನಿದ್ದೆ ಹತ್ತಿದ ಅವರಿಗೆ ಈ ಸಲ ಗೇಟು ಹಾಕಿದ ಸದ್ದೂ ಕೇಳಿಸಲಿಲ್ಲ.